ಅಂದಾಜು, ಸೂತ್ರ, ದೋಷ: ಸಂಖ್ಯಾತ್ಮಕ ವಿಧಾನಗಳ ಬೋಧನೆ

ಎಂಜಿನಿಯರಿಂಗ್ ತರಗತಿಗಳಲ್ಲಿ ನ್ಯೂಟನ್-ರಾಫ್ಸನ್ ವಿಧಾನವು ಬಹುಮಟ್ಟಿಗೆ ಸೂತ್ರದ ಕಂಠಪಾಠವಾಗಿ ಉಳಿದಿದೆ. 2ರ ವರ್ಗಮೂಲಕ್ಕೆ 1.5 ಎಂಬ ಅಂದಾಜಿನಿಂದ ಹೊರಟರೆ ಮೊದಲ ಸುತ್ತಿಗೆ 1.416667, ಎರಡನೆಯದಕ್ಕೆ 1.414216 ದೊರೆಯುತ್ತದೆ, ನಿಜಬೆಲೆ 1.414214. ದೋಷ ಕುಗ್ಗುವ ಈ ಬಗೆಯೂ ಎಲ್ಲಿ ನಿಲ್ಲಬೇಕೆಂಬ ವಿವೇಕವೂ ಕಲಿಕೆಯ ತಿರುಳಾಗಬೇಕು.

ಕಣದ ರಾಶಿಯನ್ನು ಕಣ್ಣಳತೆಯಲ್ಲಿ ಅಂದಾಜಿಸಿ, ಕೊಳಗದಿಂದ ಅಳೆದು, ಮುಂದಿನ ಸುಗ್ಗಿಗೆ ಅಂದಾಜನ್ನು ತಿದ್ದಿಕೊಳ್ಳುವ ರೈತನಲ್ಲಿ ಈ ವಿವೇಕವಿದೆ. ಇದನ್ನೇ ಸಂಖ್ಯಾತ್ಮಕ ವಿಶ್ಲೇಷಣೆಯೆನ್ನುವುದು ಮಾತ್ರ ಜಾನಪದ ವಿದ್ವಾಂಸರಾದ ನಮ್ಮ ಅತ್ಯುತ್ಸಾಹವಾದೀತು. ದೋಷದ ಮಿತಿಯನ್ನು ನಿರ್ಣಯಿಸುವ ಪ್ರಮೇಯ ಕಣದಲ್ಲಿಲ್ಲ.

ಆ ಮಿತಿಯನ್ನು ಅಲಕ್ಷಿಸಿದರೆ ತೆರಬೇಕಾದ ಬೆಲೆ ದೊಡ್ಡದು. 1991ರಲ್ಲಿ ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ, ಕಾಲಗಣನೆಯಲ್ಲಿ ಶೇಖರವಾದ ಅಲ್ಪ ದೋಷದಿಂದ ಪೇಟ್ರಿಯಟ್ ವ್ಯವಸ್ಥೆಯು ಎದುರಾಳಿ ಕ್ಷಿಪಣಿಯನ್ನು ತಡೆಯಲಾಗದೆ 28 ಅಮೆರಿಕನ್ ಸೈನಿಕರು ಮಡಿದರು. ಆದ್ದರಿಂದ ಅಂದಾಜನ್ನು ಮೊದಲು ಕೇಳಿ, ಸೂತ್ರವನ್ನು ಬಳಿಕ ಕೊಟ್ಟು, ದೋಷವನ್ನು ಕೊನೆಯವರೆಗೂ ವಿಚಾರಿಸುವ ಬೋಧನಾಕ್ರಮ ಅಗತ್ಯ.