ತೊಡೆ ಮೇಲಿನ ಗಿಟಾರಿಗೆ ಬೀಟೆ ಮರ ಯಾಕೆ?

ಕೈಯಿಂದ ಮಾಡಿದ್ದು ಅಂದ ತಕ್ಷಣ ನಮ್ಮ ವಿಮರ್ಶೆಯ ಬುದ್ಧಿ ರಜೆ ಹಾಕಿಬಿಡುತ್ತೆ. ಕಾರ್ಖಾನೆಯ ಮಾಲಾದರೆ ನೂರು ಪ್ರಶ್ನೆ ಕೇಳುವ ನಾವು, ಮರದ ಹೊಟ್ಟು ಮೆತ್ತಿದ ಏಪ್ರನ್ ಹಾಕಿಕೊಂಡು ನಿಂತ ಗಡ್ಡದ ಮನುಷ್ಯನ ಫೋಟೋ ನೋಡಿದರೆ ಸಾಕು, ಕಾರ್ಡ್ ತೆಗೆಯುತ್ತೇವೆ. ಲ್ಯಾಪ್ ಸ್ಟೀಲ್ ಗಿಟಾರನ್ನು ಗಿರಾಕಿಗೆ ತಕ್ಕಂತೆ ಮಾಡಿಕೊಡುವವರ ವಿಡಿಯೋಗಳನ್ನು ಈಚೆಗೆ ರಾತ್ರಿಗಟ್ಟಲೆ ನೋಡಿದೆ. ನನಗೂ ಒಂದು ಮಾಡಿಸಿಕೊಳ್ಳುವ ಆಸೆ, ಅದಕ್ಕೆ. ವಿಡಿಯೋಗಳು ಚೆನ್ನಾಗಿವೆ, ಆದರೆ ಮುಕ್ಕಾಲು ಪಾಲು ಮರದ ವರ್ಣನೆ. ನಾದಕ್ಕೆ ಸಿಗುವುದು ಕೊನೆಯ ಒಂದು ನಿಮಿಷ. ನನ್ನ ತಕರಾರು ಅಲ್ಲಿಂದಲೇ ಶುರು.

ಈ ವಾದ್ಯವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ ನುಡಿಸುತ್ತಾರೆ. ಎಡಗೈ ಬೆರಳು ತಂತಿಯನ್ನು ಮರಕ್ಕೆ ಒತ್ತುವುದಿಲ್ಲ. ಒಂದು ಉಕ್ಕಿನ ತುಂಡು ತಂತಿಯ ಮೇಲೆ ಜಾರುತ್ತದೆ. ನಮ್ಮ ಗೋಟುವಾದ್ಯದ ಹಾಗೇ ಅಂದುಕೊಳ್ಳಿ. ಹವಾಯಿಯ ಜೋಸೆಫ್ ಕೆಕುಕು 19ನೇ ಶತಮಾನದ ಕೊನೆಯಲ್ಲಿ ಈ ಶೈಲಿಯನ್ನು ರೂಢಿಗೆ ತಂದ ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ. ಅಲ್ಲಿಂದ ಅಮೆರಿಕಕ್ಕೆ ಹೋಯಿತು, ನಮ್ಮ ಕಲ್ಕತ್ತಾಕ್ಕೂ ಬಂತು. ವಾನ್ ಶಿಪ್ಲೆ ನುಡಿಸಿದ ಹಳೇ ಹಿಂದಿ ಸಿನಿಮಾ ಹಾಡುಗಳ ರೆಕಾರ್ಡು ನಿಮ್ಮ ತಾತನ ಪೆಟ್ಟಿಗೆಯಲ್ಲಿದ್ದರೆ ಹಾಕಿ ಕೇಳಿ, ಅದೇ ವಾದ್ಯ.

ಈಗ ಸ್ವಲ್ಪ ಯೋಚಿಸಿ. ತಂತಿಗಳು ಮರದಿಂದ ಸಾಕಷ್ಟು ಎತ್ತರದಲ್ಲಿವೆ. ಬೆರಳಾಗಲಿ, ತಂತಿಯಾಗಲಿ ಫ್ರೆಟ್‌ಬೋರ್ಡನ್ನು ಮುಟ್ಟುವುದೇ ಇಲ್ಲ. ಮಾಮೂಲಿ ಗಿಟಾರಿಗೆ ಬೀಟೆ ಮರದ ಪಟ್ಟಿ ಹಾಕುವುದಕ್ಕೆ ಕಾರಣ ಇದೆ: ವರ್ಷಗಟ್ಟಲೆ ಉಜ್ಜಿದರೂ ಸವೆಯಬಾರದು. ಇಲ್ಲಿ ಏನು ಸವೆಯುತ್ತೆ ಸ್ವಾಮಿ? ಇಲ್ಲಿ ಆ ಪಟ್ಟಿ ಬರೀ ಅಳತೆಪಟ್ಟಿ. ಬಣ್ಣದಲ್ಲಿ ಗೆರೆ ಎಳೆದರೂ ಕೆಲಸ ನಡೆಯುತ್ತೆ. ಆದರೂ ಕಸ್ಟಮ್ ಮಾಡುವವರು ‘ಇಂಡಿಯನ್ ರೋಸ್‌ವುಡ್’ ಅಂತ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಅದು ನಮ್ಮ ಕೊಡಗು, ಮಲೆನಾಡಿನ ಕಾಡಲ್ಲೂ ಬೆಳೆಯುವ ಬೀಟೆ. 2017ರಿಂದ ಬೀಟೆಯ ಜಾತಿಯ ಅಷ್ಟೂ ಮರಗಳು ಸೈಟ್ಸ್ ಒಪ್ಪಂದದ ವ್ಯಾಪಾರ ನಿಯಂತ್ರಣ ಪಟ್ಟಿಯಲ್ಲಿವೆ. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹಾಗಾಗಿ ಕಾನೂನಿನ ತೊಡಕು ದೊಡ್ಡದೇನಿಲ್ಲ. ಆದರೆ ಯಾರೂ ಮುಟ್ಟದ ಜಾಗಕ್ಕೆ ಆ ಮರ ಬೇಕಾ ಅನ್ನುವುದು ಕಾನೂನಿನ ಪ್ರಶ್ನೆ ಅಲ್ಲ.

ಮರದ ಭಕ್ತರಿಗೆ ಇತಿಹಾಸವೂ ಅಷ್ಟೇನು ಸಹಾಯ ಮಾಡುವುದಿಲ್ಲ. ಜಾರ್ಜ್ ಬೋಷಾಂಪ್ ಮತ್ತು ರಿಕನ್‌ಬ್ಯಾಕರ್ ಸೇರಿ 1930ರ ದಶಕದ ಶುರುವಿನಲ್ಲಿ ಮಾರುಕಟ್ಟೆಗೆ ತಂದ ಎಲೆಕ್ಟ್ರಿಕ್ ಗಿಟಾರ್ ಒಂದು ಲ್ಯಾಪ್ ಸ್ಟೀಲ್, ಅದೂ ಎರಕದ ಅಲ್ಯೂಮಿನಿಯಂದು. ದುಂಡನೆಯ ಒಡಲು, ಉದ್ದನೆಯ ಹಿಡಿ. ಜನ ಅದನ್ನು ‘ಫ್ರೈಯಿಂಗ್ ಪ್ಯಾನ್’ ಅಂತಲೇ ಕರೆದರು, ಅಂದರೆ ಬಾಣಲೆ. ಅದರ ಪೇಟೆಂಟ್ ಅರ್ಜಿ 1934ರದ್ದು, ಮಂಜೂರಾಗಿದ್ದು 1937ರಲ್ಲಿ. ಗುಟ್ಟೆಲ್ಲ ಇದ್ದದ್ದು ಪಿಕಪ್‌ನಲ್ಲಿ: ಕುದುರೆ ಲಾಳದ ಆಕಾರದ ಎರಡು ಅಯಸ್ಕಾಂತಗಳು ತಂತಿಗಳನ್ನು ಸುತ್ತುವರಿದು ಕೂತಿದ್ದವು. ವೇದಿಕೆಯ ದೀಪದ ಬಿಸಿಗೆ ಲೋಹ ಹಿಗ್ಗಿ ಶ್ರುತಿ ತಪ್ಪುತ್ತಿತ್ತು ಅನ್ನುವುದೊಂದು ತಲೆನೋವು. 1935ರ ಹೊತ್ತಿಗೆ ಬೇಕಲೈಟ್ ಒಡಲು ಬಂತು. ಬೇಕಲೈಟ್ ಅಂದರೆ ಹಳೇ ಮನೆಗಳ ಕರೆಂಟ್ ಸ್ವಿಚ್ಚಿನ ಕಪ್ಪು ಪ್ಲಾಸ್ಟಿಕ್! ಸ್ಟೀಲ್ ವಾದಕರಲ್ಲಿ ದೊಡ್ಡ ಹೆಸರಾದ ಜೆರ್ರಿ ಬರ್ಡ್ ನುಡಿಸಿದ್ದು ಅಂಥದ್ದನ್ನೇ. ಎಲೆಕ್ಟ್ರಿಕ್ ಲ್ಯಾಪ್ ಸ್ಟೀಲಿನಲ್ಲಿ ಮರದ ನವಿಲುಗರಿ ವಿನ್ಯಾಸಕ್ಕೆ ದುಡ್ಡು ಕೊಡುವವರು ಕಣ್ಣಿಗೆ ಕೊಡುತ್ತಿದ್ದಾರೆ, ಕಿವಿಗಲ್ಲ. ಕಣ್ಣಿಗೆ ಕೊಡುವುದು ತಪ್ಪೇನಲ್ಲ, ಅದನ್ನು ನಾದ ಅಂತ ಕರೆಯಬಾರದು ಅಷ್ಟೆ.

ಇದಕ್ಕೆ ಎದುರು ಉದಾಹರಣೆ ಇದೆ, ಮುಚ್ಚಿಡುವುದಿಲ್ಲ. ಲಾಸ್ ಏಂಜಲೀಸಿನಲ್ಲಿ 1920ರ ದಶಕದಲ್ಲಿ ಹರ್ಮನ್ ವೈಸನ್‌ಬಾರ್ನ್ ಮಾಡಿದ ಗಿಟಾರುಗಳಲ್ಲಿ ಹಿಡಿಯೂ ಟೊಳ್ಳು, ಮರ ಹವಾಯಿಯ ಕೋವ. ಅಲ್ಲಿ ಕರೆಂಟ್ ಇಲ್ಲ, ತೆಳು ಹಲಗೆ ನಡುಗಿದರೇನೇ ಸದ್ದು. ಎಷ್ಟು ತೆಳುವಾಗಿ ಹೆರೆಯಬೇಕು, ಒಳಗಿನ ಪಟ್ಟಿ ಎಲ್ಲಿ ಅಂಟಿಸಬೇಕು ಅನ್ನುವುದು ನಿಜವಾದ ಕೈಕೆಲಸ. ಡೇವಿಡ್ ಲಿಂಡ್ಲಿ, ಬೆನ್ ಹಾರ್ಪರ್ ಆಮೇಲೆ ಆ ಮಾದರಿಗೆ ಮರುಜೀವ ಕೊಟ್ಟರು. ಇವತ್ತಿನ ಕುಶಲಕರ್ಮಿ ಇಂಥದ್ದನ್ನು ಮಾಡಿ ಒಳ್ಳೆ ಬೆಲೆ ಕೇಳಿದರೆ ನಾನು ಚೌಕಾಸಿ ಮಾಡಲ್ಲ.

ಹಾಗಾದರೆ ‘ಕಸ್ಟಮ್’ ಅಂದರೆ ಏನಿರಬೇಕು? ಮೊದಲು ಉದ್ದ. ಇಪ್ಪತ್ತೆರಡೂವರೆ ಇಂಚಿನ ತಂತಿಯನ್ನು 25 ಇಂಚಿಗೆ ಒಯ್ದು ಅದೇ ಸ್ವರಕ್ಕೆ ಬಿಗಿದರೆ ಎಳೆತ ಸುಮಾರು 23 ಪರ್ಸೆಂಟ್ ಜಾಸ್ತಿ ಆಗುತ್ತೆ. ಕಂಟ್ರಿ ಸಂಗೀತದವರು ಬಾರನ್ನು ಓರೆ ಹಿಡಿದು ಎರಡು ಮೂರು ಸ್ವರ ಒಟ್ಟಿಗೆ ಹಿಡಿಯುತ್ತಾರೆ, ಅವರಿಗೆ ಗಿಡ್ಡದು ಸಲೀಸು. ಒಂದೇ ತಂತಿಯ ಮೇಲೆ ನಿಧಾನವಾಗಿ ಮೀಂಡ್ ಎಳೆಯುವವರಿಗೆ ಉದ್ದನೆಯದು ಹಿತ. ಆಮೇಲೆ ನಟ್. ಬಾರ್ ನೇರ ಇರುವುದರಿಂದ ದಪ್ಪ ತಂತಿ, ಸಣ್ಣ ತಂತಿ ಎಲ್ಲದರ ತಲೆಯೂ ಒಂದೇ ಮಟ್ಟದಲ್ಲಿ ಇರಬೇಕು. ಹಾಗಾಗಬೇಕಾದರೆ ಒಂದೊಂದು ಗೀರನ್ನೂ ಬೇರೆ ಬೇರೆ ಆಳಕ್ಕೆ ಅರದಿಂದ ಉಜ್ಜಬೇಕು. ಕೂದಲೆಳೆ ತಪ್ಪಿದರೂ ಆ ತಂತಿ ಝರಝರ ಅನ್ನುತ್ತೆ. ಇದು ಯಾವ ಫೋಟೋದಲ್ಲೂ ಕಾಣುವುದಿಲ್ಲ.

ಬದಲಿಗೆ ಅವರು ತೋರಿಸುವುದು ಗೆರೆಗಳನ್ನು. ಮುತ್ತಿನ ಚಿಪ್ಪಿನ ಗೆರೆ, ಕಂಪ್ಯೂಟರ್ ಯಂತ್ರದಿಂದ ಕೊರೆದಿದ್ದು, ಎಳ್ಳಷ್ಟೂ ತಪ್ಪಿಲ್ಲ ಅಂತ. ಸರಿ, ಲೆಕ್ಕ ಹಾಕೋಣ. 25 ಇಂಚಿನ ತಂತಿ ಬಿಟ್ಟಾಗ ಷಡ್ಜ ಬರುತ್ತೆ ಅಂತಿಟ್ಟುಕೊಳ್ಳಿ. ತಂಬೂರಿಯ ಜೊತೆ ಕೂಡಿಕೊಳ್ಳುವ ಗಾಂಧಾರ ನಟ್‌ನಿಂದ ಸರಿಯಾಗಿ 5 ಇಂಚಿಗೆ ಸಿಗುತ್ತೆ. ಪಿಯಾನೋ ಲೆಕ್ಕದಲ್ಲಿ ಎಳೆದ ನಾಲ್ಕನೇ ಗೆರೆ ಅದರಿಂದ ಸುಮಾರು 4 ಮಿಲಿಮೀಟರ್ ಮುಂದಿದೆ. ರಾಗ ನುಡಿಸುವವರು ಆ ದುಬಾರಿ ಗೆರೆಯನ್ನು ಪ್ರತಿ ಸಲವೂ ಬಿಟ್ಟು ಹಿಂದೆ ನಿಲ್ಲಬೇಕು. ಗೆರೆ ದಾರಿ ತೋರಿಸುತ್ತೆ ನಿಜ, ಕೊನೆಯ ಮಾತು ಕಿವಿಯದ್ದು. ನಮ್ಮ ವೀಣೆ ಮಾಡುವವರು ಮೇಣದಲ್ಲಿ ಮೇಳ ಕಟ್ಟುವಾಗ ಕೂತು ಕೇಳಿಸಿಕೊಳ್ಳುತ್ತಾರಲ್ಲ, ಕೆಲಸ ಅಂದರೆ ಅದು.

ಈ ವಾದ್ಯದಲ್ಲಿ ನಾನು ತಲೆಬಾಗುವ ಕಸ್ಟಮ್ ಕೆಲಸ ನಡೆದಿರುವುದು ನಮ್ಮ ದೇಶದಲ್ಲೇ. ಬ್ರಿಜ್ ಭೂಷಣ್ ಕಾಬ್ರಾ ಈ ಗಿಟಾರಿನಲ್ಲಿ ಹಿಂದೂಸ್ತಾನಿ ನುಡಿಸಿದರು. 1967ರ ‘ಕಾಲ್ ಆಫ್ ದ ವ್ಯಾಲಿ’ಯಲ್ಲಿ ಸಂತೂರು, ಕೊಳಲಿನ ಪಕ್ಕ ಕೇಳುವುದು ಅವರನ್ನೇ. ವಿಶ್ವಮೋಹನ್ ಭಟ್ಟರ ಮೋಹನ ವೀಣೆಯಲ್ಲಿ 20 ತಂತಿ: ನುಡಿಸುವುದಕ್ಕೆ ಮೂರು, ಚಿಕಾರಿ-ಶ್ರುತಿಗೆ ಐದು, ತಾನಾಗೇ ಅನುರಣಿಸುವ ತರಬ್ 12. ಕಾಬ್ರಾ ಅವರ ಶಿಷ್ಯ ದೇಬಾಶಿಷ್ ಭಟ್ಟಾಚಾರ್ಯ ಚತುರಂಗಿ, ಗಾಂಧರ್ವಿ ಅಂತ ಬೇರೆ ಬೇರೆ ವಾದ್ಯಗಳನ್ನೇ ರೂಪಿಸಿಕೊಂಡರು. ಸುಮ್ಮನೆ ನಾಲ್ಕು ತಂತಿ ಜಾಸ್ತಿ ಇರಲಿ ಅಂತ ಅಲ್ಲ. ಆಲಾಪದ ನಡುವಿನ ಮೌನವನ್ನು ಏನು ತುಂಬಬೇಕು ಅನ್ನುವ ಪ್ರಶ್ನೆಗೆ ತರಬ್ ಉತ್ತರ, ಝಾಲಾಕ್ಕೆ ಚಿಕಾರಿ ಉತ್ತರ. ಅಗತ್ಯ ಮೊದಲು ಹುಟ್ಟಿತು, ಮರ ಆಮೇಲೆ ಬಂತು.

ನಾನೇನು ಅಂಥ ವಾದಕ ಅಲ್ಲ. ಆಫೀಸು ಮುಗಿಸಿ ವಾರಕ್ಕೆರಡು ಸಂಜೆ ನುಡಿಸುವವನು. ಆದರೂ ಆರ್ಡರ್ ಕೊಡುವ ಮೊದಲು ಒಬ್ಬರಿಗೆ ಉದ್ದವಾಗಿ ಬರೆದೆ: 25 ಇಂಚು, ಷಡ್ಜ ಇಷ್ಟಕ್ಕೆ, ತಂತಿಗಳ ನಡುವೆ ಅಂತರ ಇಷ್ಟು, ನಟ್ ಮಟ್ಟಸವಾಗಿರಲಿ, ಗೆರೆ ಬಣ್ಣದ್ದಾದರೆ ಸಾಕು, ಒಡಲಿಗೆ ನಿಮ್ಮ ಮೂಲೆಯಲ್ಲಿ ಬಿದ್ದಿರುವ ಯಾವ ಒಣಗಿದ ತುಂಡಾದರೂ ಪರವಾಗಿಲ್ಲ. ನಿನ್ನೆ ಉತ್ತರ ಬಂತು, ಜೊತೆಗೆ ಹದಿನಾಲ್ಕು ಹಲಗೆಗಳ ಫೋಟೋ. ಯಾವ ರಾಗ ನುಡಿಸುತ್ತೀರಿ ಅಂತ ಕೇಳಿರಲಿಲ್ಲ.