ಎರಡು ಕಿವಿಗೆ ಏಳು ಸ್ಪೀಕರ್

ಗೇಮಿಂಗ್ ಹೆಡ್‌ಸೆಟ್ ಬರೋ ಡಬ್ಬವನ್ನ ಯಾವತ್ತಾದ್ರೂ ಪೂರ್ತಿ ಓದಿದ್ದೀರಾ? 7.1 ಸರೌಂಡ್ ಸೌಂಡ್. 50 ಎಂಎಂ ಡ್ರೈವರ್. 40,000 ಹರ್ಟ್ಸ್‌ವರೆಗೆ ಫ್ರೀಕ್ವೆನ್ಸಿ. ಬಣ್ಣ ಬಣ್ಣದ ಲೈಟು. ಕಿವಿಯ ಮೇಲೆ ಕೂರೋ ಸಾಮಾನಿಗೆ ಲೈಟ್ ಯಾಕೆ ಅಂತ ಯಾರೂ ಕೇಳಲ್ಲ. ಹಾಕ್ಕೊಂಡವನಿಗೆ ಅದು ಕಾಣೋದೇ ಇಲ್ಲ, ಪಕ್ಕದ ಮಂಚದವನಿಗೆ ಮಾತ್ರ ನಿದ್ದೆಗೇಡು.

ನನ್ನ ತಕರಾರು ಡಬ್ಬದ ಮೇಲಲ್ಲ. ಮಾರೋನು ತನ್ನ ಸಾಮಾನು ಹೊಗಳ್ಕೊಳ್ಳದೆ ಇನ್ನೇನು ಮಾಡ್ತಾನೆ. ತಕರಾರು ಇರೋದು ಆ ಡಬ್ಬವನ್ನೇ ಕ್ಯಾಮೆರಾ ಮುಂದೆ ಗಟ್ಟಿಯಾಗಿ ಓದಿ ಅದಕ್ಕೆ 'ರಿವ್ಯೂ' ಅಂತ ಹೆಸರಿಡೋರ ಮೇಲೆ. ನಮ್ಮ ಟೀಮಿಗೆ ಹೊಸದಾಗಿ ಸೇರಿದ ದಾವಣಗೆರೆ ಕಡೆಯ ಹುಡುಗ ಮೊನ್ನೆ ಮೂರು ಲಿಂಕ್ ಕಳಿಸಿ, "ಅಣ್ಣಾ, ಇದ್ರಲ್ಲಿ ಯಾವ್ದು ತಗೊಳ್ಳಿ?" ಅಂತ ಕೇಳಿದ. ಪಿಜಿಯಲ್ಲಿ ರಾತ್ರಿ ವ್ಯಾಲರಂಟ್ ಆಡ್ತಾನೆ, ಹಗಲು ಅದೇ ಹೆಡ್‌ಸೆಟ್‌ನಲ್ಲಿ ಆಫೀಸ್ ಕಾಲ್ ಆಗಬೇಕು. ಒಂದರ ಬೆಲೆ 3,000 ರೂಪಾಯಿ, ಕೊನೆಯದು 9,000. ಮೂರರ ರಿವ್ಯೂನೂ ಕೂತು ನೋಡಿದೆ. ಹೆಸರು ಮುಚ್ಚಿಟ್ಟರೆ ಯಾವುದು ಯಾವುದರದ್ದು ಅಂತ ಹೇಳೋಕೆ ಆಗಲ್ಲ. ಡಬ್ಬ ಒಡೆಯೋದು, ಮೈಕ್ ತಿರುಗಿಸೋದು, "ಬೇಸ್ ಸಖತ್ ಪಂಚಿ ಆಗಿದೆ ಗುರು" ಅನ್ನೋದು, ಕೆಳಗಿನ ಲಿಂಕ್ ಒತ್ತಿ ಅನ್ನೋದು. ಅಷ್ಟೇ. ನಾಲ್ಕು ಗಂಟೆ ಹಾಕ್ಕೊಂಡು ಕೂತರೆ ಕಿವಿ ಏನಾಗತ್ತೆ, ಎರಡು ತಿಂಗಳಾದ ಮೇಲೆ ಅದು ಹೇಗಿರತ್ತೆ, ಒಬ್ಬರಾದರೂ ಹೇಳಿದ್ದರೆ ಕೇಳಿ.

7.1ರಿಂದ ಶುರು ಮಾಡೋಣ, ಯಾಕಂದ್ರೆ ಹೆಚ್ಚು ದುಡ್ಡು ಹೋಗೋದು ಅಲ್ಲೇ.

ಸಿನಿಮಾ ಹಾಲ್ ಥರದ ಕೋಣೆಯಲ್ಲಿ 7.1 ಅಂದ್ರೆ ಸುತ್ತ ಏಳು ಸ್ಪೀಕರ್, ಜೊತೆಗೆ ಗುಡುಗೋಕೆ ಒಂದು ಸಬ್‌ವೂಫರ್. ಹೆಡ್‌ಸೆಟ್‌ನಲ್ಲಿ ಇರೋದು ಎಷ್ಟು? ಬಹುತೇಕ ಎಲ್ಲದರಲ್ಲೂ ಎಡಕ್ಕೊಂದು, ಬಲಕ್ಕೊಂದು, ಅಷ್ಟೇ. ಏಳು ಸ್ಪೀಕರ್ ಇದ್ದಿದ್ದರೆ ಕಿವಿಗೆ ಹೇಗೆ ಕೇಳಿಸ್ತಿತ್ತೋ ಅದನ್ನ ಸಾಫ್ಟ್‌ವೇರ್ ಲೆಕ್ಕ ಹಾಕಿ ಈ ಎರಡರಲ್ಲಿ ಬೆರೆಸುತ್ತೆ. ಇದು ಮೋಸ ಅಂತ ಹೇಳ್ತಿಲ್ಲ. ನಮಗೆ ಇರೋದೂ ಎರಡೇ ಕಿವಿ ತಾನೆ. ಎಡಗಡೆಯ ಸದ್ದು ಎಡಗಿವಿಗೆ ಮೊದಲು ಮುಟ್ಟಿ, ತಲೆ ದಾಟಿ ಬಲಗಿವಿಗೆ ಬರೋಕೆ ಹೆಚ್ಚೆಂದರೆ 0.7 ಮಿಲಿಸೆಕೆಂಡ್ ತಡ ಆಗುತ್ತೆ. ಜೊತೆಗೆ ತಲೆ ಅಡ್ಡ ಇರೋದ್ರಿಂದ ಆ ಕಿವಿಗೆ ಸ್ವಲ್ಪ ಮೆತ್ತಗೆ ಕೇಳುತ್ತೆ. ಎಡ-ಬಲ ಗೊತ್ತಾಗೋದು ಇದರಿಂದ. ಮೇಲೆ-ಕೆಳಗೆ, ಹಿಂದೆ-ಮುಂದೆ ಗೊತ್ತಾಗೋದಕ್ಕೆ ಹೊರಗಿವಿಯ ಏರುತಗ್ಗು ಬೇಕು. ಬೇರೆ ಬೇರೆ ದಿಕ್ಕಿಂದ ಬಂದ ಸದ್ದಿಗೆ ಅದು ಬೇರೆ ಬೇರೆ ಬಣ್ಣ ಹಚ್ಚಿ ಒಳಗೆ ಕಳಿಸುತ್ತೆ. ಈ ಇಡೀ ಲೆಕ್ಕಕ್ಕೆ ಎಚ್‌ಆರ್‌ಟಿಎಫ್ ಅಂತಾರೆ.

ಈ ಲೆಕ್ಕವನ್ನ ಹೆಡ್‌ಸೆಟ್‌ಗಿಂತ ಚೆನ್ನಾಗಿ ಮಾಡಬಲ್ಲದ್ದು ಗೇಮ್. ಶತ್ರು ನಿಖರವಾಗಿ ಎಲ್ಲಿ ನಿಂತಿದ್ದಾನೆ ಅಂತ ಗೊತ್ತಿರೋದು ಅದಕ್ಕೆ ಮಾತ್ರ. ಇದೇನು ಹೊಸ ಸಂಗತಿನೂ ಅಲ್ಲ. 1998ರಲ್ಲೇ ಆರಿಯಲ್ ಅನ್ನೋ ಕಂಪನಿಯ ಎ3ಡಿ ಸೌಂಡ್ ಕಾರ್ಡು ಮಾಮೂಲಿ ಸ್ಟೀರಿಯೊ ಹೆಡ್‌ಫೋನ್‌ನಲ್ಲಿ ಇದನ್ನ ಮಾಡ್ತಿತ್ತು, ಹಾಫ್-ಲೈಫ್ ಗೇಮ್ ಅದನ್ನ ಬಳಸ್ಕೊಳ್ತಿತ್ತು. ಕ್ರಿಯೇಟಿವ್ ಕಂಪನಿ ಕೇಸ್ ಹಾಕ್ತು. ಆರಿಯಲ್ ಕೇಸ್ ಗೆದ್ದು ದಿವಾಳಿ ಆಯ್ತು. ಆಮೇಲೆ ಕ್ರಿಯೇಟಿವ್‌ನೋರೇ ಅದನ್ನ ಕೊಂಡುಕೊಂಡರು. ಕೋರ್ಟು ಹತ್ತಿದೋನ ಕಥೆ ಎಲ್ಲಾ ಕಡೆ ಒಂದೇ ನೋಡಿ. ಕೌಂಟರ್-ಸ್ಟ್ರೈಕ್‌ಗೆ ಈ ಥರದ ಆಯ್ಕೆ ಮತ್ತೆ ಬಂದಿದ್ದು 2016ರಲ್ಲಿ, ವ್ಯಾಲರಂಟ್‌ಗೆ 2021ರಲ್ಲಿ. ಸೆಟ್ಟಿಂಗ್ಸ್‌ನಲ್ಲಿ ಬಿಟ್ಟಿಯಾಗಿ ಕೂತಿದೆ.

ಈಗ ಗೇಮು ಲೆಕ್ಕ ಹಾಕಿ ಕಳಿಸಿದ ಸದ್ದಿನ ಮೇಲೆ ಹೆಡ್‌ಸೆಟ್ ತನ್ನ 7.1 ಲೆಕ್ಕವನ್ನ ಇನ್ನೊಂದು ಸಲ ಹಾಕಿದರೆ ಏನಾಗುತ್ತೆ? ಒಗ್ಗರಣೆ ಹಾಕಿದ ಸಾರಿಗೆ ಮತ್ತೊಬ್ಬರು ಬಂದು ಒಗ್ಗರಣೆ ಹಾಕಿದ ಹಾಗೆ. ಹೆಜ್ಜೆ ಸದ್ದು ಬಾವಿಯೊಳಗಿಂದ ಬಂದಂತೆ ಕೇಳುತ್ತೆ, ದಿಕ್ಕು ಕಲಸಿಹೋಗುತ್ತೆ. ಕೌಂಟರ್-ಸ್ಟ್ರೈಕ್‌ನ ನ್ಯೂಕ್ ಮ್ಯಾಪ್ ಆಡಿರೋರಿಗೆ ಇನ್ನೂ ಒಂದು ಸಂಗತಿ ಹೇಳಬೇಕು. ಅಲ್ಲಿ ಬಾಂಬ್ ಇಡೋ ಎರಡು ಜಾಗ ಒಂದರ ಮೇಲೊಂದಿವೆ. ಹೆಜ್ಜೆ ಮೇಲಿನದೋ ಕೆಳಗಿನದೋ ಅನ್ನೋದೇ ಅಲ್ಲಿ ಸಾವು-ಬದುಕಿನ ಪ್ರಶ್ನೆ. 7.1ರ ಏಳೂ ಸ್ಪೀಕರ್ ಇರೋದು ಒಂದೇ ಮಟ್ಟದಲ್ಲಿ, ಕಿವಿಯ ಎತ್ತರಕ್ಕೆ. ಮೇಲೆ-ಕೆಳಗೆ ಅನ್ನೋದು ಆ ಲೆಕ್ಕದಲ್ಲೇ ಇಲ್ಲ! ಸಿನಿಮಾ ನೋಡೋಕೆ, ಸ್ವಂತ ಎಚ್‌ಆರ್‌ಟಿಎಫ್ ಇಲ್ಲದ ಕಥೆ-ಗೇಮ್ ಆಡೋಕೆ ಆ ಬಟನ್ ಒತ್ತಿ, ಖುಷಿ ಪಡಿ. ಶೂಟರ್ ಆಡುವಾಗ ಆಫ್ ಮಾಡಿ.

ಇನ್ನೊಂದು ತೊಡಕು. ಎಲ್ಲರ ಹೊರಗಿವಿಯೂ ಒಂದೇ ಆಕಾರದಲ್ಲಿರಲ್ಲ, ಕಂಪನಿಗಳು ಸಾಮಾನ್ಯವಾಗಿ ಬಳಸೋದು ಸರಾಸರಿ ಕಿವಿಯ ಅಳತೆ. ಹಾಗಾಗಿ ಇದೇ ತಂತ್ರ ಒಬ್ಬರಿಗೆ ಬೆನ್ನ ಹಿಂದೆ ಮನುಷ್ಯ ನಿಂತಂತೆ ಕೇಳಿದರೆ ಇನ್ನೊಬ್ಬರಿಗೆ ಬರೀ ಗೊಗ್ಗರು ದನಿ. "ಎನಿಮಿ ಎಲ್ಲಿದಾನೆ ಅಂತ ಪಿನ್‌ಪಾಯಿಂಟ್ ಆಗಿ ಗೊತ್ತಾಗತ್ತೆ" ಅಂತ ಸರ್ಟಿಫಿಕೇಟ್ ಕೊಡೋನು ತನ್ನ ಕಿವಿಯ ಬಗ್ಗೆ ಹೇಳ್ತಿದ್ದಾನೆ, ನಿಮ್ಮದರ ಬಗ್ಗೆ ಅಲ್ಲ.

ಹಾಗಾದರೆ ಹೆಡ್‌ಸೆಟ್‌ನ ಕೆಲಸ ಏನು? ಒಂದು ಸದ್ದನ್ನ ಇನ್ನೊಂದರಿಂದ ಬಿಡಿಸಿ ಕೊಡೋದು. ಇಲ್ಲಿಗೆ ಬಂದಾಗ ಕನ್ನಡದಲ್ಲಿ ರಿವ್ಯೂ ಮಾಡೋರ ಮೇಲೆ ನನಗೆ ಹೊಟ್ಟೆ ಉರಿಯೋದು. ಪಂಚಿ, ಕ್ರಿಸ್ಪ್, ಇಮ್ಮರ್ಸಿವ್ ಅನ್ನೋ ಮೂರು ಪದದಲ್ಲೇ ಗಿರಕಿ ಹೊಡೀತಾರೆ. ಸದ್ದಿಗೆ ನಮ್ಮ ಭಾಷೆಯಲ್ಲಿ ಇರೋಷ್ಟು ಪದ ಎಲ್ಲಿ ಸಿಗಬೇಕು! ನಮ್ಮೂರಲ್ಲಿ ಭತ್ತ ತೆನೆ ಕಟ್ಟೋ ಹೊತ್ತಿಗೆ ಹಂದಿ ಕಾಯೋಕೆ ಅಂತ ಗದ್ದೆಯ ಅಟ್ಟಣೆ ಮೇಲೆ ಮಲಗೋದಿತ್ತು. ಒಣಗೆಲೆ ಮೇಲೆ ಚರಚರ ಅಂದರೆ ಸಣ್ಣ ಪ್ರಾಣಿ. ಕೆಸರಲ್ಲಿ ಪಚಪಚ ಅಂದರೆ ಏನೋ ಗದ್ದೆಗೆ ಇಳಿದಿದೆ. ಬೇಲಿ ಲಟಲಟ ಅಂದರೆ ದೊಡ್ಡದೇ ನುಗ್ಗಿದೆ. ದಿಕ್ಕು ಸರಿಯಾಗಿ ಗೊತ್ತಾಗದಿದ್ದರೆ ಅಜ್ಜ ತಲೆಯನ್ನ ಸ್ವಲ್ಪ ಆ ಕಡೆ ಈ ಕಡೆ ತಿರುಗಿಸಿ ಇನ್ನೊಮ್ಮೆ ಕೇಳೋರು. ಮುಂದಿನದೋ ಹಿಂದಿನದೋ ಅನ್ನೋ ಗೊಂದಲ ಬಿಡಿಸೋಕೆ ಮನುಷ್ಯ, ನಾಯಿ, ಗೂಬೆ ಎಲ್ಲ ಮಾಡೋದು ಇದನ್ನೇ. ಗೇಮ್‌ನಲ್ಲಿ ತಲೆ ಬದಲು ಮೌಸ್ ತಿರುಗಿಸ್ತೀವಿ, ಅಷ್ಟೇ ವ್ಯತ್ಯಾಸ.

ಗೇಮ್ ಮಾಡೋರೂ ಈ ಸದ್ದುಗಳನ್ನ ಅಷ್ಟೇ ಶ್ರದ್ಧೆಯಿಂದ ಮಾಡ್ತಾರೆ. ಕಬ್ಬಿಣದ ಜಾಲರಿ ಮೇಲೆ ಟಣಟಣ, ಹಲಗೆ ಮೇಲೆ ಟಪಟಪ, ಜಲ್ಲಿ ಮೇಲೆ ಬೇರೆ, ಕಾಂಕ್ರೀಟಿನ ಮೇಲೆ ಬೇರೆ. ಮ್ಯಾಪ್ ಬಾಯಿಪಾಠ ಇರೋನಿಗೆ ಸದ್ದಿನ ಜಾತಿ ಗೊತ್ತಾದರೆ ಜಾಗವೂ ಗೊತ್ತಾಗುತ್ತೆ. ಇದನ್ನ ಕೆಡಿಸೋದು ಯಾವುದು ಅಂದ್ರೆ, ರಿವ್ಯೂನಲ್ಲಿ ಅತಿ ಹೆಚ್ಚು ಹೊಗಳಿಸಿಕೊಳ್ಳೋ ಅದೇ ಬೇಸ್. ತಗ್ಗಿನ ಸದ್ದು ಜೋರಾದಾಗ ಅದಕ್ಕಿಂತ ಮೇಲಿನ ಸದ್ದುಗಳನ್ನ ನುಂಗಿಹಾಕುತ್ತೆ, ಕಿವಿ ಇರೋದೇ ಹಾಗೆ. ಗ್ರೆನೇಡ್ ಸಿಡಿದಾಗ ಎದೆ ಧಡಕ್ ಅನ್ನೋದು ಮೊದಲ ದಿನ ಮಜಾ. ಆ ಗುಡುಗಿನ ಕೆಳಗೆ ಪಕ್ಕದ ಬಾಗಿಲಿಂದ ಬಂದವನ ಹೆಜ್ಜೆ ಹೂತುಹೋಗಿದ್ದು ರಿವ್ಯೂನಲ್ಲಿ ಬರಲ್ಲ. 40,000 ಹರ್ಟ್ಸ್ ಬಗ್ಗೆ ಏನು ಹೇಳೋದು. ಎಳೆಯ, ಆರೋಗ್ಯವಂತ ಕಿವಿ ಕೇಳೋದೇ 20,000ದವರೆಗೆ. ಮಿಕ್ಕಿದ್ದು ಬಾವಲಿಗೆ. ಡ್ರೈವರ್ 40 ಎಂಎಂ ಇದೆಯೋ 50 ಇದೆಯೋ ಅನ್ನೋದರಿಂದಲೂ ಸದ್ದು ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗಲ್ಲ. ತಪ್ಪಲೆ ದೊಡ್ಡದಿದ್ದ ಮಾತ್ರಕ್ಕೆ ಅನ್ನ ಚೆನ್ನಾಗಿ ಬೇಯುತ್ತಾ?

ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಕಥೆ ಹೈಪರ್‌ಎಕ್ಸ್ ಕ್ಲೌಡ್‌ನದ್ದು. ಗೇಮಿಂಗ್ ಹೆಡ್‌ಸೆಟ್ ಅಂದ ಕೂಡಲೇ ಜನ ಇವತ್ತಿಗೂ ಹೇಳೋ ಹೆಸರು ಅದು. 2014ರಲ್ಲಿ ಬಂತು. ಅದರ ಮೂಲ ಟ್ಯಾಕ್‌ಸ್ಟಾರ್ ಅನ್ನೋ ಚೀನಾ ಕಂಪನಿಯ ಪ್ರೊ 80, ಸ್ಟುಡಿಯೊಗೆ ಅಂತ ಮಾಡಿದ ಹೆಡ್‌ಫೋನ್. ಅದಕ್ಕೆ ಮೈಕ್ ಸೇರಿಸಿ ಕ್ಯೂಪ್ಯಾಡ್‌ನೋರು ಮೊದಲು ಮಾರಿದರು, ಆಮೇಲೆ ಹೈಪರ್‌ಎಕ್ಸ್. ಅಂದ್ರೆ ಗೇಮರ್‌ಗಳು ಇಷ್ಟೆಲ್ಲ ಮೆಚ್ಚಿದ್ದರ ತಿರುಳು, ಸಂಗೀತ ಕೇಳೋಕೆ ಮಾಡಿದ, ಮೆತ್ತನೆ ಕುಶನ್ನಿನ ಒಂದು ಒಳ್ಳೆಯ ಸ್ಟೀರಿಯೊ ಹೆಡ್‌ಫೋನ್. ಮುಂದಿನ ವರ್ಷ ಕ್ಲೌಡ್ 2 ಬಂದಾಗ ಜೊತೆಗೊಂದು ಪುಟ್ಟ ಯುಎಸ್‌ಬಿ ಸೌಂಡ್ ಕಾರ್ಡು ಕೊಟ್ಟರು, ಅದರ ಮೇಲೆ 7.1 ಅನ್ನೋ ಬಟನ್ನು. ಡಬ್ಬದ ಮೇಲೆ ಮೆರೆದಿದ್ದು ಆ ಬಟನ್ನು. ಕಿವಿ ನೋಯದೆ ಅಷ್ಟು ಹೊತ್ತು ಹಾಕ್ಕೊಳ್ಳೋ ಹಾಗಿತ್ತಲ್ಲ, ಅದಕ್ಕೆ ಡಬ್ಬದಲ್ಲಿ ದಪ್ಪಕ್ಷರ ಇಲ್ಲ.

ವೈರ್‌ಲೆಸ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. 2.4 ಗಿಗಾಹರ್ಟ್ಸ್‌ನ ಡಾಂಗಲ್ ಜೊತೆ ಬರೋದು ಗೇಮ್‌ಗೆ ಪರವಾಗಿಲ್ಲ. ಬರೀ ಬ್ಲೂಟೂತ್ ಬೇಡ. ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು 100-200 ಮಿಲಿಸೆಕೆಂಡ್ ಹಿಂದೆ ಬೀಳೋದು ಮಾಮೂಲು. ಇನ್ನೂ ಕೆಟ್ಟದ್ದು ಮೈಕ್ ಆನ್ ಮಾಡಿದಾಗ. ಸಾಮಾನ್ಯವಾಗಿ ಹೆಡ್‌ಸೆಟ್ ಫೋನ್-ಕಾಲ್ ಮೋಡ್‌ಗೆ ಇಳಿಯುತ್ತೆ, ಸ್ಟೀರಿಯೊ ಹೋಗಿ ಎರಡೂ ಕಿವಿಗೆ ಒಂದೇ ಸದ್ದು. ಎಡ-ಬಲವೇ ಇಲ್ಲದ ಮೇಲೆ ಆಟ ಏನು ಆಡ್ತೀರಿ? ಟೀಮ್ ಕಾಲ್‌ನಲ್ಲಿ ನಿಮ್ಮ ಇಯರ್‌ಬಡ್ ಇದ್ದಕ್ಕಿದ್ದಂತೆ ಹಳೇ ರೇಡಿಯೊ ಥರ ಆಗೋದೂ ಇದೇ ಕಾರಣಕ್ಕೆ.

ಮೈಕ್ ಮತ್ತು ಕುಶನ್ ಬಗ್ಗೆ ಮಾತ್ರ ನಿಧಾನಕ್ಕೆ ಯೋಚಿಸಿ. ರಿವ್ಯೂ ಮಾಡೋನು ಫೋಮ್ ಅಂಟಿಸಿದ ಎಸಿ ರೂಮಲ್ಲಿ ಮೈಕ್ ಟೆಸ್ಟ್ ಮಾಡ್ತಾನೆ. ನಿಮ್ಮ ರೂಮಲ್ಲಿ ಫ್ಯಾನ್ ಐದರಲ್ಲಿ ತಿರುಗ್ತಿರುತ್ತೆ, ಪಕ್ಕದ ಮನೆ ಕುಕ್ಕರ್ ಕೂಗ್ತಿರುತ್ತೆ. ಬಾಯಿ ಹತ್ತಿರ ಬಗ್ಗಿಸೋಕೆ ಬರೋ ಉದ್ದ ಕಡ್ಡಿಯ ಮೈಕ್ ಇದ್ದರೆ ಫ್ಯಾನಿಗಿಂತ ನಿಮ್ಮ ದನಿ ಮುಂದೆ ಬರುತ್ತೆ. ಇನ್ನು ಕುಶನ್ನು. ಅಗ್ಗದ ರೆಕ್ಸಿನ್ ಹೊದಿಕೆ ಬೇಸಗೆಯ ಬೆವರಿಗೆ ಒಂದೆರಡು ವರ್ಷದಲ್ಲಿ ಕಪ್ಪು ಹೊಟ್ಟಿನ ಹಾಗೆ ಉದುರೋಕೆ ಶುರು. ಆಫೀಸಿಗೆ ಹೋದರೆ ಕತ್ತಿನ ಮೇಲೆಲ್ಲ ಅದೇ ಚೂರು. ಬಟ್ಟೆಯ ಕುಶನ್ ಇದ್ದರೆ ಸೆಖೆ ಕಡಿಮೆ, ಹೊರಗಿನ ಸದ್ದು ಸ್ವಲ್ಪ ಒಳಗೆ ಬರುತ್ತೆ. ಕನ್ನಡಕದವರು ಕನ್ನಡಕ ಹಾಕ್ಕೊಂಡೇ ನೋಡಬೇಕು. ಹತ್ತು ನಿಮಿಷಕ್ಕೇ ಕಡ್ಡಿ ತಲೆಗೆ ಒತ್ತಿದರೆ ಎರಡು ಗಂಟೆಗೆ ತಲೆನೋವು ಖಾಯಂ.

ನನಗೆ ಇದೆಲ್ಲಕ್ಕಿಂತ ಹೆಚ್ಚು ಯೋಚನೆ ಆಗೋದು ವಾಲ್ಯೂಮ್ ಬಗ್ಗೆ. ಹೆಜ್ಜೆ ಸದ್ದು ಕೇಳ್ತಿಲ್ಲ ಅಂತ ಏರಿಸ್ತೀವಿ. ಅದೇ ಏರಿಕೆಯಲ್ಲಿ ಬಂದೂಕೂ ಸಿಡಿಯುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರ ಕಿವಿಗೆ 80 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆ ಆದರೆ ತೊಂದರೆ ಇಲ್ಲ. 90 ಆದರೆ ವಾರಕ್ಕೆ ನಾಲ್ಕೇ ಗಂಟೆ. ಹತ್ತು ಡೆಸಿಬಲ್‌ಗೆ ಹತ್ತು ಪಟ್ಟು ಖರ್ಚು. ಹಗಲಿಡೀ ಕಾಲ್‌ನಲ್ಲಿದ್ದು ರಾತ್ರಿ ಮೂರು ಗಂಟೆ ಜೋರಾಗಿ ಆಡೋನು ಈ ಕೋಟಾವನ್ನ ಮಂಗಳವಾರ ರಾತ್ರಿಗೇ ಮುಗಿಸಿರ್ತಾನೆ. ಒಳಗಿವಿಯ ರೋಮಕೋಶ ಸತ್ತರೆ ಮತ್ತೆ ಹುಟ್ಟಲ್ಲ. ಬೇಸ್ ಹದವಾಗಿದ್ದು ನಡುವಿನ ಸದ್ದು ಬಿಡಿಬಿಡಿಯಾಗಿ ಕೇಳಿಸೋ ಹೆಡ್‌ಸೆಟ್‌ಗೆ ನಾಲ್ಕು ಕಾಸು ಹೆಚ್ಚು ಕೊಡಬಹುದು ಅಂತ ನಾನು ಹೇಳೋದು ಇದಕ್ಕೇ. ಅದರಲ್ಲಿ ವಾಲ್ಯೂಮ್ ಇಳಿಸಿದರೂ ಹೆಜ್ಜೆ ಸಿಗುತ್ತೆ. ಇಷ್ಟು ದೊಡ್ಡ ಸಂಗತಿ ಆ ಮೂರು ರಿವ್ಯೂನಲ್ಲಿ ಒಂದು ವಾಕ್ಯಕ್ಕೂ ಬರಲಿಲ್ಲ.

ಆ ಹುಡುಗನಿಗೆ ಮೂರೂ ಬೇಡ ಅಂದೆ. ಅವನ ಹತ್ತಿರ ಹಾಡು ಕೇಳೋಕೆ ಅಂತ ತಗೊಂಡ ಒಂದು ಒಳ್ಳೆ ವೈರ್ ಹೆಡ್‌ಫೋನ್ ಆಗಲೇ ಇದೆ. ಅದಕ್ಕೆ ಬೇಕಿರೋದು ಒಂದು ಮೈಕ್ ಮಾತ್ರ, ಹೆಡ್‌ಫೋನಿನ ಹೊರಗೆ ಅಂಟಿಸೋ ಥರದ್ದೂ ಸಿಗುತ್ತೆ. ಹೊಸದೇ ಬೇಕು ಅನ್ನೋರು ಒಂದು ಶನಿವಾರ ಎಸ್.ಪಿ. ರೋಡಿಗೆ ಹೋಗಿ, ಡೆಮೊ ಪೀಸ್ ಇದ್ದರೆ ತೆಗೆಸಿ, ಹತ್ತು ನಿಮಿಷ ಹಾಕ್ಕೊಂಡು ನಿಂತ್ಕೊಳ್ಳಿ. ಅಂಗಡಿಯವನು ಗುರುಗುಟ್ಟಿದರೆ ಗುರುಗುಟ್ಟಲಿ. ಕೇಬಲ್ ಬಿಚ್ಚೋಕೆ ಬರುತ್ತಾ, ಕುಶನ್ ಬೇರೆ ಸಿಗುತ್ತಾ ಕೇಳಿ. ಮೊದಲು ಹಾಳಾಗೋದು ಸಾಮಾನ್ಯವಾಗಿ ಅವೆರಡೇ. ಡೆಸ್ಕ್‌ಟಾಪ್ ಇರೋರು ಪಿನ್ ಒಂದೇ ಇದೆಯಾ ಎರಡಿದೆಯಾ ನೋಡ್ಕೊಂಡು, ಒಂದೇ ಇದ್ದರೆ ಸ್ಪ್ಲಿಟರ್ ವೈರನ್ನೂ ಅಲ್ಲೇ ಕೇಳಿ ತಗೊಳ್ಳಿ.