ಕಂಪ, ಸ್ತಂಭ ಮತ್ತು ನೃತ್ಯವಿಮರ್ಶೆ

1994ನೆಯ ಇಸವಿಯ ಡಿಸೆಂಬರ್ ತಿಂಗಳಿನಲ್ಲಿ ಆರ್ಲೀನ್ ಕ್ರೋಚೆ ಎಂಬ ಪ್ರಸಿದ್ಧ ನೃತ್ಯವಿಮರ್ಶಕಿಯು ಅಮೆರಿಕದ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ, ತಾವು ನೋಡದ ಮತ್ತು ನೋಡಲೊಲ್ಲದ ಒಂದು ಪ್ರಯೋಗವನ್ನು ಕುರಿತು ಲೇಖನ ಬರೆದರು. ಬಿಲ್ ಟಿ. ಜೋನ್ಸ್ ಎಂಬವರು ಮಾರಕರೋಗಗಳಿಗೆ ತುತ್ತಾದವರೊಡನೆ ಬೆರೆತು, ಅವರ ಮಾತು ಚಲನೆಗಳನ್ನು ಸಂಗ್ರಹಿಸಿ, ಅವರ ಚಲಚ್ಚಿತ್ರಗಳನ್ನೂ ರಂಗದ ಮೇಲೆ ತೋರಿಸುತ್ತ ರಚಿಸಿದ ನೃತ್ಯವದು. ರೋಗಿಯು ರೋಗಿಯಾಗಿಯೇ ಎದುರಿಗೆ ಬಂದರೆ ಪ್ರೇಕ್ಷಕನಿಗೆ ಕನಿಕರಪಡುವುದೊಂದೇ ದಾರಿ, ಗುಣದೋಷವಿವೇಚನೆಗೆ ಅಲ್ಲಿ ಎಡೆಯಿಲ್ಲ, ಆದಕಾರಣ ಅದು ವಿಮರ್ಶೆಯ ಎಲ್ಲೆಗೆ ಆಚೆಯದು ಎಂಬುದು ಅವರ ವಾದದ ಸಾರ. ಇದನ್ನು ನಿರ್ದಯವೆಂದು ಹಲವರು ಹಳಿದರು. ಹಳಿದ ಮಾತ್ರಕ್ಕೆ ಉತ್ತರ ಹೇಳಿದಂತಾಗಲಿಲ್ಲ. ಜೋನ್ಸರ ರಚನೆಯಲ್ಲಿ ಕುಣಿದವರು ಅವರ ತಂಡದ ನರ್ತಕರು. ರೋಗಿಗಳೇ ಕುಣಿಯುವ ಕಡೆ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ಆದುದರಿಂದ ಪಾರ್ಕಿನ್ಸನ್ ವ್ಯಾಧಿಯುಳ್ಳ ವೃದ್ಧರ ನೃತ್ಯಪಾಠವನ್ನು ತೆಗೆದುಕೊಂಡು ಈ ವಾದವನ್ನು ಒರೆಗೆ ಹಚ್ಚಬಹುದಾಗಿದೆ.

ಈ ಪಾಠವು ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ 2001ರಲ್ಲಿ ಆರಂಭವಾಯಿತು. ಅಲ್ಲಿನ ಪಾರ್ಕಿನ್ಸನ್ ರೋಗಿಗಳ ಸಂಘವನ್ನು ನಡೆಸುತ್ತಿದ್ದ ಓಲೀ ವೆಸ್ಟ್‌ಹೈಮರ್ ಎಂಬವರು ಮಾರ್ಕ್ ಮಾರಿಸ್ ನೃತ್ಯತಂಡದ ಬಳಿಗೆ ಹೋಗಿ, ತಮ್ಮವರಿಗೆ ಚಿಕಿತ್ಸೆ ಬೇಡ, ನೃತ್ಯವನ್ನು ಕಲಿಸಿರಿ ಎಂದು ಕೇಳಿದರಂತೆ. ತಂಡದ ನರ್ತಕರಾಗಿದ್ದ ಡೇವಿಡ್ ಲೆವೆಂಥಾಲ್ ಮತ್ತು ಜಾನ್ ಹೆಗಿನ್‌ಬಾಥಮ್ ಪಾಠವನ್ನು ಕೈಗೆತ್ತಿಕೊಂಡರು. ಮೊದಲು ಕುರ್ಚಿಯಲ್ಲಿ ಕುಳಿತು ಮಾಡತಕ್ಕ ಚಲನೆಗಳು, ಬಳಿಕ ಆಸರೆ ಹಿಡಿದು ನಿಲ್ಲುವುದು, ಬಳಿಕ ನೆಲದುದ್ದಕ್ಕೂ ನಡೆಯುವುದು, ಕೊನೆಯಲ್ಲಿ ಎಲ್ಲರೂ ಕೈಕೈ ಹಿಡಿದು ವರ್ತುಲವಾಗಿ ನಿಂತು ಒಬ್ಬರಿಂದೊಬ್ಬರಿಗೆ ವಂದನೆಯನ್ನು ದಾಟಿಸುವುದು, ಇದು ಪಾಠದ ಕ್ರಮ. ವಾದ್ಯಗಾರನು ಎದುರಿಗೇ ಕುಳಿತು ನುಡಿಸುತ್ತಾನೆ. ಮಾರಿಸರ ರಚನೆಗಳ ಭಾಗಗಳನ್ನೂ ಅಲ್ಲಿ ಕಲಿಸುವುದುಂಟು. ಕಲಿಯುವವರನ್ನು ಅಲ್ಲಿ ರೋಗಿಗಳೆನ್ನುವುದಿಲ್ಲ, ನರ್ತಕರೆನ್ನುತ್ತಾರೆ. ಈ ಮಾತು ಸೌಜನ್ಯದ್ದೋ ನಿಜವೋ ಎಂಬುದೇ ನಮ್ಮ ಪ್ರಶ್ನೆ.

ಭರತನು ಎಣಿಸುವ ಎಂಟು ಸಾತ್ತ್ವಿಕಭಾವಗಳಲ್ಲಿ ಸ್ತಂಭ, ಸ್ವರಭೇದ, ವೇಪಥು ಎಂಬವು ಮೂರು. ಲಂಡನ್ನಿನ ವೈದ್ಯನಾದ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವಿವರಿಸಿದ ಈ ವ್ಯಾಧಿಗೆ ಇಂದಿನ ವೈದ್ಯರು ಹೇಳುವ ಲಕ್ಷಣಗಳಲ್ಲಿಯೂ ಈ ಮೂರು ಬರುತ್ತವೆ: ಕೈ ನಡುಗುವುದು, ಇಡಹೋದ ಹೆಜ್ಜೆ ನೆಲಕ್ಕೆ ಅಂಟಿದಂತೆ ನಿಂತುಬಿಡುವುದು, ದನಿ ಕುಗ್ಗುವುದು. ನಟನಲ್ಲಿ ಇವು ಒಳಗಿನ ಭಾವಕ್ಕೆ ಹೊರಗಿನ ಸಾಕ್ಷಿ. ಈ ವೃದ್ಧರಲ್ಲಿಯಾದರೋ ಸಾಕ್ಷಿಯಿದೆ, ಅದು ಸಾರಬೇಕಾದ ಭಾವವಿಲ್ಲ. ಇದಕ್ಕೆ ವಿಪರೀತವಾದ ಲಕ್ಷಣವೂ ಒಂದುಂಟು. ಮುಖದ ಸ್ನಾಯುಗಳ ಚಲನೆ ಕುಂದಿ ಮುಖವು ಮುಖವಾಡದಂತಾಗುವುದರಿಂದ ಒಳಗಿನ ಹರ್ಷವು ಹೊರಗೆ ಕಾಣದು. ಅಲ್ಲಿ ಭಾವವಿದೆ, ಸಾಕ್ಷಿಯಿಲ್ಲ. ಹೀಗೆ ಅನುಭಾವದಿಂದ ಭಾವವನ್ನು ಊಹಿಸತಕ್ಕ ದಾರಿ ಎರಡು ಕಡೆಯೂ ಕಡಿದುಹೋಗುತ್ತದೆ. ನಡುಗುವ ಕೈಯನ್ನು ಕಂಡು ಕರುಣವನ್ನು ಊಹಿಸುವ ಪ್ರೇಕ್ಷಕನು ತಪ್ಪರ್ಥ ಮಾಡುತ್ತಿದ್ದಾನೆ. ಕ್ರೋಚೆಯವರು ಅನಿವಾರ್ಯವೆಂದು ಭಾವಿಸಿದ ಕನಿಕರವು ಇಂತಹ ತಪ್ಪರ್ಥವೇ ಎಂದು ನನಗೆ ತೋರುತ್ತದೆ. ವೇಪಥುವಿನ ಕಾರಣಗಳಲ್ಲಿ ಭರತನು ಭಯಹರ್ಷಗಳೊಡನೆ ಮುಪ್ಪನ್ನೂ, ಸ್ವರಭೇದದ ಕಾರಣಗಳಲ್ಲಿ ಮುಪ್ಪು ರೋಗಗಳನ್ನೂ ಸೇರಿಸಿದ್ದಾನೆ. ಪಾಠ ಹೇಳುವಾಗ ನಾವು ಈ ಮಾತನ್ನು ಓದಿ ಸುಮ್ಮನೆ ಮುಂದಕ್ಕೆ ಹೋಗುತ್ತೇವೆ.

ಹಾಗಾದರೆ ವಿಮರ್ಶಕನು ನೋಡತಕ್ಕದ್ದೇನು? ಸತ್ತ್ವವೆಂದರೆ ಸಮಾಹಿತವಾದ ಮನಸ್ಸಿನಿಂದ ಹುಟ್ಟುವುದೆಂದು ಭರತನ ಲಕ್ಷಣ. ಮಿದುಳಿನ ಒಂದು ಭಾಗದಲ್ಲಿ ಡೋಪಮೀನ್ ಎಂಬ ದ್ರವ್ಯವನ್ನು ಒದಗಿಸುವ ಕಣಗಳು ಸಾಯುವುದರಿಂದ, ನಾವು ಎಣಿಸದೆಯೇ ಇಡುವ ಹೆಜ್ಜೆಯು ಈ ವ್ಯಾಧಿಯಲ್ಲಿ ತಾನಾಗಿ ಬಾರದು. ನೆಲದ ಮೇಲೊಂದು ಗೆರೆಯಿದ್ದರೆ, ಕಿವಿಗೊಂದು ತಾಳ ಬಿದ್ದರೆ, ನಿಂತ ಕಾಲು ಅನೇಕವೇಳೆ ಮುಂದಕ್ಕೆ ಹೋಗುತ್ತದೆ. ಆದರೆ ಅದು ಅವಧಾನದಿಂದ ಇಟ್ಟ ಹೆಜ್ಜೆ. ಬೇರೆಯವರು ಮರೆತು ನಡೆಯುವಲ್ಲಿ ಇವರು ನೆನೆದು ನಡೆಯುತ್ತಾರೆ. ಅಂದಮೇಲೆ ಇವರ ಸತ್ತ್ವವನ್ನು ಹುಡುಕಬೇಕಾದುದು ಕಂಪದಲ್ಲಿಯೂ ಅಲ್ಲ, ಸ್ತಂಭದಲ್ಲಿಯೂ ಅಲ್ಲ, ಲಯದಲ್ಲಿ: ತಾಳವು ಬೀಳುವ ಮೊದಲು ಉಸಿರನ್ನು ಹಿಡಿದು ಕಾಯುವುದರಲ್ಲಿ, ಕೈಯನ್ನು ಅರ್ಧಕ್ಕೆ ಬಿಡದೆ ಬೆರಳ ತುದಿಯವರೆಗೂ ಮುಗಿಸುವುದರಲ್ಲಿ. ಇವು ನರ್ತಕನು ಆರಿಸಿ ಮಾಡುವ ಕಾರ್ಯಗಳು. ಆರಿಸಿ ಮಾಡಿದುದಕ್ಕೆ ಗುಣವೂ ಉಂಟು, ದೋಷವೂ ಉಂಟು. ಆದುದರಿಂದ ವಿಮರ್ಶೆಯೂ ಉಂಟು.

ಕನಿಕರದಂತೆಯೇ ಆರೋಗ್ಯಲಾಭದ ಲೆಕ್ಕವನ್ನೂ ವಿಮರ್ಶಕನು ದೂರ ಇಡಬೇಕು. ಕೆನಡದ ಟೊರಾಂಟೊದಲ್ಲಿ ವಾರವಾರವೂ ಕುಣಿದ 16 ಮಂದಿಯನ್ನು ಮೂರು ವರ್ಷಗಳ ಕಾಲ ಪರೀಕ್ಷಿಸಿ, ಅವರಲ್ಲಿ ಚಲನದೋಷಗಳ ಬೆಳವಣಿಗೆ ಮಂದವಾಗಿತ್ತೆಂದು 2021ರಲ್ಲಿ ಪ್ರಕಟಿಸಿದ್ದಾರೆ. ಸಂತೋಷವೇ, ಸಂಖ್ಯೆ ಸಣ್ಣದು, ರೋಗವು ಇದರಿಂದ ಗುಣವಾಗುವುದೂ ಇಲ್ಲ. ಗುಣವಾದರೂ ನೃತ್ಯವು ಚೆನ್ನಾಗಿತ್ತೆಂದು ಅದರಿಂದ ಸಿದ್ಧವಾಗದು.

ಈ ನಿಲುವಿಗೆ ನಿಜವಾದ ಪರೀಕ್ಷೆ 2020ರಲ್ಲಿ ಒದಗಿತು. ಕೊರೋನಾ ವ್ಯಾಧಿಯ ದೆಸೆಯಿಂದ ಪಾಠಶಾಲೆಗಳು ಮುಚ್ಚಿ, ಈ ಪಾಠವೂ ಅಂತರ್ಜಾಲದ ಮೂಲಕ ಮನೆಮನೆಯ ಪರದೆಗೆ ಬಂದಿತು. ಮನೆಯಿಂದ ಹೊರಡಲಾರದವರಿಗೂ ದೂರದೇಶದವರಿಗೂ ಬಾಗಿಲು ತೆರೆದುದು ದೊಡ್ಡ ಉಪಕಾರ. ಅದನ್ನು ಅಲ್ಲಗಳೆಯುವವನು ಮೂರ್ಖ. ಆದರೆ ಕಲೆಯಾಗಿ ನೋಡಿದರೆ ನಷ್ಟವನ್ನೂ ಹೇಳಲೇಬೇಕು, ಹೇಳದಿದ್ದರೆ ಅದೂ ಕನಿಕರವೇ. ಧ್ವನಿಯು ಜಾಲದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕ್ಷಣ ತಡವಾಗಿ ತಲಪುವುದರಿಂದ ಎಲ್ಲರ ಧ್ವನಿಯನ್ನೂ ಮುಚ್ಚಿ ಗುರುವಿನ ಕಡೆಯದನ್ನು ಮಾತ್ರ ಬಿಡುತ್ತಾರೆ. ಪ್ರತಿಯೊಬ್ಬನೂ ತಾನು ಕೇಳಿದ ತಾಳಕ್ಕೆ ಸರಿಯಾಗಿ ಹೆಜ್ಜೆಯಿಡುತ್ತಾನೆ, ಪರದೆಯಲ್ಲಿ ಮಾತ್ರ ಇಪ್ಪತ್ತು ಕೈಗಳು ಇಪ್ಪತ್ತು ಗಳಿಗೆಗಳಲ್ಲಿ ಏಳುತ್ತವೆ. ವಾದ್ಯಗಾರನಿಗೆ ಕುಣಿಯುವವರ ಉಸಿರು ಕೇಳದಾದ್ದರಿಂದ ಅವರಿಗಾಗಿ ಲಯವನ್ನು ತುಸು ಹಿಡಿದು ನುಡಿಸಲು ಆತನಿಂದಾಗದು. ಬೀಳುವ ಭಯದಿಂದ ಪಾಠವು ಹೆಚ್ಚಾಗಿ ಕುರ್ಚಿಗೇ ಅಂಟಿಕೊಂಡಿತು. ಇಷ್ಟಾದರೂ ಒಂದು ಲಾಭವುಂಟು. ಪರದೆಯ ಚೌಕದಲ್ಲಿ ಸೊಂಟದಿಂದ ಮೇಲಿನ ಭಾಗವಷ್ಟೇ ಹತ್ತಿರದಿಂದ ಕಾಣುವಾಗ, ಏನನ್ನೂ ಹೇಳದ ಮುಖವನ್ನು ಬಿಟ್ಟು ಕಣ್ಣು ಕೈಯ ಕಡೆಗೆ ಹೋಗುತ್ತದೆ. ಆ ಕೈ ತನ್ನ ರೇಖೆಯನ್ನು ಮುಗಿಸಿತೋ ಇಲ್ಲವೋ ಎಂಬುದು ಸಭಾಂಗಣದಲ್ಲಿ ಕಾಣುವುದಕ್ಕಿಂತ ಸ್ಫುಟವಾಗಿ ಕಾಣುತ್ತದೆ.

ಆ ಕೊನೆಯ ವರ್ತುಲಕ್ಕೆ ಮಾತ್ರ ಪರದೆಯಲ್ಲಿ ಸ್ಥಳವಿಲ್ಲ. ನನ್ನ ಪರದೆಯಲ್ಲಿ ನನ್ನ ಬಲಕ್ಕೆ ಇರುವವರು ಅವರ ಪರದೆಯಲ್ಲಿ ನನ್ನನ್ನು ಎಡಕ್ಕೆ ಕಾಣಬೇಕೆಂಬ ನಿಯಮವೇನೂ ಇಲ್ಲ. ನಾನು ಚೌಕದ ಅಂಚಿಗೆ ಚಾಚಿದ ಕೈ ಅವರ ಮನೆಯಲ್ಲಿ ಬೇರೆ ಯಾರೋ ಒಬ್ಬರ ಕಡೆಗೆ ಚಾಚಿರುತ್ತದೆ.